ಸುಳ್ಳು ಕಲಿಸಿದ ಶಾಲೆ

ಮೂವತ್ತೆರಡು ವರ್ಷ ನಾನು ಪ್ರೌಢಶಾಲೆಯೊಂದರಲ್ಲಿ ಇತಿಹಾಸದ ಅಧ್ಯಾಪಕನಾಗಿದ್ದೆ. ಪಾಠ ಹೇಳುವುದು ನನಗೆಂದೂ ಭಾರವೆನಿಸಲಿಲ್ಲ. ಭಾರವೆನಿಸುತ್ತಿದ್ದುದು ವರ್ಷದ ಕೊನೆಯಲ್ಲಿ ಪ್ರಗತಿಪತ್ರದ ಕಡೆಯ ಅಂಕಣವನ್ನು ತುಂಬುವ ಕೆಲಸ. ಆ ಅಂಕಣಕ್ಕೆ 'ಷರಾ' ಎಂದು ಹೆಸರು. ಎರಡು ಬೆರಳಗಲದ ಜಾಗದಲ್ಲಿ ಒಂದು ಜೀವಕ್ಕೆ ಬೆಲೆ ಕಟ್ಟಬೇಕು. ತರಗತಿಯ ಉಪಾಧ್ಯಾಯನಾಗಿ ಒಬ್ಬ ಹುಡುಗನ ವಿಷಯದಲ್ಲಿ 'ಲೆಕ್ಕದ ತಲೆಯಿಲ್ಲ. ಮುಂದೆ ಬರುವುದು ಕಷ್ಟ' ಎಂದು ನಾನು ಬರೆದದ್ದು ಇನ್ನೂ ನೆನಪಿದೆ. ಇಂದು ಆತ ನಮ್ಮೂರಿನ ಅಡಿಕೆ ಮಂಡಿಯೊಂದರ ಯಜಮಾನ. ಕಾಗದ ಮುಟ್ಟದೆ ಬಾಯಲ್ಲೇ ಲೆಕ್ಕ ಮುಗಿಸುತ್ತಾನೆ. ಎದುರಾದಾಗಲೆಲ್ಲ 'ಚೆನ್ನಾಗಿದ್ದೀರಾ ಮೇಷ್ಟ್ರೇ' ಎಂದು ಕೈಮುಗಿಯುತ್ತಾನೆ. ನಾನು ನೆಲ ನೋಡುತ್ತೇನೆ.

ಇಂದು ನಾನು ಹೇಳಹೊರಟಿರುವುದೂ ಒಂದು ಷರಾದ ಕಥೆಯನ್ನೇ. ಅದನ್ನು ಬರೆದವರು ನಮ್ಮಂಥ ಸಾಧಾರಣ ಮೇಷ್ಟರಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕಾಡುಸೀಮೆಯೊಂದರಲ್ಲಿ ಗುಟ್ಟಾಗಿ ನಡೆಯುತ್ತಿದ್ದ ಗೂಢಚಾರರ ಶಾಲೆಯ ಮುಖ್ಯಸ್ಥರು. ಯಾರನ್ನು ಕುರಿತು ಬರೆದರೋ ಆಕೆಯ ವಂಶದ ಬೇರು ನಮ್ಮ ಶ್ರೀರಂಗಪಟ್ಟಣದವರೆಗೆ ಇಳಿದಿತ್ತು.

ಗೂಢಚಾರರನ್ನು ಆರಿಸಿ ತರಬೇತು ಮಾಡುವ ವಿದ್ಯೆ ಇಪ್ಪತ್ತನೆಯ ಶತಮಾನದ್ದೇನೂ ಅಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಭಂಡಾರಕ್ಕೆ ಬಂದ ತಾಳೆಗರಿಯ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿಯೇ ಗೂಢಪುರುಷರ ವಿಚಾರ ಬರುತ್ತದೆ. ವಿದ್ಯಾರ್ಥಿಯ ವೇಷದವನು, ಬೇಸಾಯಗಾರನ ವೇಷದವನು, ವರ್ತಕ, ತಾಪಸ, ಭಿಕ್ಷುಕಿ, ವಿಷವಿಕ್ಕುವವನು ಎಂದು ಪಟ್ಟಿ ಸಾಗುತ್ತದೆ. ಆ ಪಟ್ಟಿಯನ್ನು ಓದಿದವರಿಗೆ ಹೊಳೆಯುವುದು ಒಂದೇ ಮಾತು: ಯಾರ ಮೇಲೆ ಲೋಕಕ್ಕೆ ಅನುಮಾನ ಹುಟ್ಟುವುದಿಲ್ಲವೋ ಅವರೇ ಈ ಕೆಲಸಕ್ಕೆ ತಕ್ಕವರು. ಎರಡು ಸಾವಿರ ವರ್ಷಗಳ ತರುವಾಯ ಬ್ರಿಟನ್ನಿನ ಸರಕಾರವೂ ಅದೇ ತೀರ್ಮಾನಕ್ಕೆ ಬಂದಿತು.

1940ರ ಜೂನ್ ತಿಂಗಳಲ್ಲಿ ಫ್ರಾನ್ಸ್ ಹಿಟ್ಲರನಿಗೆ ಶರಣಾಯಿತು. ಯುರೋಪಿನ ನೆಲದ ಮೇಲೆ ಕಾಲೂರಲು ಬ್ರಿಟಿಷ್ ಸೈನ್ಯಕ್ಕೆ ಜಾಗವಿರಲಿಲ್ಲ. ಸೈನ್ಯ ಹೋಗಲಾರದ ಕಡೆ ಒಬ್ಬೊಬ್ಬರೇ ನುಸುಳಿ ಹೋಗಿ ರೈಲುಹಳಿ ಕೀಳಬೇಕು, ಕಾರ್ಖಾನೆ ಕೆಡಿಸಬೇಕು, ಸ್ಥಳೀಯರನ್ನು ಸಂಘಟಿಸಬೇಕು ಎಂಬ ಉದ್ದೇಶದಿಂದ ಆ ವರ್ಷದ ಜುಲೈನಲ್ಲಿ ಒಂದು ಗುಪ್ತ ಸಂಸ್ಥೆ ಹುಟ್ಟಿಕೊಂಡಿತು. ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯುಟಿವ್ ಎಂಬುದು ಅದರ ಹೆಸರು, ಚಿಕ್ಕದಾಗಿ ಎಸ್.ಓ.ಇ. ಯುರೋಪಿಗೆ ಬೆಂಕಿಯಿಡಿ ಎಂದು ಪ್ರಧಾನಿ ಚರ್ಚಿಲ್ ಆಜ್ಞಾಪಿಸಿದರೆಂದು ಅದರ ಹೊಣೆ ಹೊತ್ತ ಮಂತ್ರಿ ಹ್ಯೂ ಡಾಲ್ಟನ್ ತಮ್ಮ ದಿನಚರಿಯಲ್ಲಿ ಗುರುತಿಸಿಕೊಂಡಿದ್ದಾರೆ. ಮುಖ್ಯ ಕಚೇರಿ ಲಂಡನ್ನಿನ ಬೇಕರ್ ಸ್ಟ್ರೀಟಿನ 64ನೆಯ ನಂಬರಿನ ಕಟ್ಟಡ. ಷರ್ಲಾಕ್ ಹೋಮ್ಸನ ಕಥೆಗಳನ್ನು ಓದಿದವರಿಗೆ ಆ ಬೀದಿಯ ಹೆಸರು ಹೊಸದಲ್ಲ. ಬಾಗಿಲ ಮೇಲಿನ ಫಲಕ ಮಾತ್ರ ಅದು ಯಾವುದೋ ಸಂಶೋಧನಾ ಕಚೇರಿಯೆಂದು ಸಾರುತ್ತಿತ್ತು. ಸಂಸ್ಥೆಯ ಮೊದಲ ಸುಳ್ಳು ಅದರ ಹೊಸ್ತಿಲಲ್ಲೇ ಇತ್ತು.

ತರಬೇತಿಗಾಗಿ ಸರಕಾರ ಹಳ್ಳಿಗಾಡಿನ ಶ್ರೀಮಂತರ ಬಂಗಲೆಗಳನ್ನು ವಶಪಡಿಸಿಕೊಂಡಿತು. ಇಂಥ ಮನೆಗಳು ಎಷ್ಟಾದುವೆಂದರೆ, ಎಸ್.ಓ.ಇ. ಎಂದರೆ ಇಂಗ್ಲೆಂಡಿನ ಭವ್ಯ ಭವನಗಳು ಎಂದೇ ಅರ್ಥವೆಂದು ಒಳಗಿನವರು ಕುಚೋದ್ಯ ಮಾಡುತ್ತಿದ್ದರು. ಮೊದಲ ಹಂತ ಗಿಲ್‌ಫರ್ಡ್ ಬಳಿಯ ವಾನ್‌ಬರೋದಂಥ ಮನೆಗಳಲ್ಲಿ. ಅಲ್ಲಿ ಓಟ, ನಕಾಶೆ, ಬಂದೂಕುಗಳ ಜೊತೆಗೆ ಮದ್ಯವೂ ಧಾರಾಳವಾಗಿ ಸಿಗುತ್ತಿತ್ತು. ಕುಡಿದಾಗ ಯಾರ ನಾಲಿಗೆ ಸಡಿಲವಾಗುತ್ತದೆ, ನಿದ್ದೆಯಲ್ಲಿ ಯಾರು ಯಾವ ಭಾಷೆಯಲ್ಲಿ ಕನವರಿಸುತ್ತಾರೆ ಎಂಬುದನ್ನೂ ಗಮನಿಸಲಾಗುತ್ತಿತ್ತು. ಎರಡನೆಯ ಹಂತ ಸ್ಕಾಟ್ಲೆಂಡಿನ ಪಶ್ಚಿಮ ತೀರದ ಆರಿಸೇಗ್ ಪ್ರದೇಶದಲ್ಲಿ. ಹಿಂದೆ ಷಾಂಘೈ ನಗರದ ಪೋಲೀಸಿನಲ್ಲಿದ್ದ ಫೇರ್‌ಬೇರ್ನ್ ಮತ್ತು ಸೈಕ್ಸ್ ಎಂಬಿಬ್ಬರು ಸದ್ದಿಲ್ಲದೆ ಕೊಲ್ಲುವ ವಿದ್ಯೆಗೆ ಅಲ್ಲಿಯ ಗುರುಗಳು. ಅವರಿಬ್ಬರೂ ರೂಪಿಸಿದ ಚೂರಿ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ. ಮ್ಯಾಂಚೆಸ್ಟರ್ ಬಳಿಯ ರಿಂಗ್‌ವೇಯಲ್ಲಿ ಪ್ಯಾರಾಚೂಟಿನಿಂದ ಧುಮುಕುವ ಅಭ್ಯಾಸ.

ವಿಧ್ವಂಸದ ಉಪಕರಣಗಳಿಗೂ ಪ್ರತ್ಯೇಕ ಮನೆಗಳಿದ್ದುವು. ಪೆನ್ಸಿಲಿನ ಗಾತ್ರದ ಒಂದು ಕೊಳವೆಯೊಳಗೆ ತೆಳ್ಳನೆಯ ತಂತಿ. ಗಾಜಿನ ಬುರುಡೆಯನ್ನು ಒತ್ತಿ ಒಡೆದರೆ ಅದರೊಳಗಿನ ದ್ರಾವಣ ತಂತಿಯನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ. ತಂತಿ ತುಂಡಾದಾಗ ಸಿಡಿಮದ್ದು ಸಿಡಿಯುತ್ತದೆ. ಅಷ್ಟರಲ್ಲಿ ಇಟ್ಟವನು ದೂರ ಸಾಗಿರುತ್ತಾನೆ. ಸತ್ತ ಇಲಿಗಳ ಹೊಟ್ಟೆಯಲ್ಲಿಯೂ ಸಿಡಿಮದ್ದು ತುಂಬಿದರು. ಕಲ್ಲಿದ್ದಲ ರಾಶಿಯಲ್ಲಿ ಬಿದ್ದಿರುವ ಇಲಿಯನ್ನು ಕೆಲಸಗಾರ ಕುಲುಮೆಗೆ ಎಸೆಯುತ್ತಾನೆ, ಬಾಯ್ಲರು ಒಡೆಯುತ್ತದೆ ಎಂಬುದು ಎಣಿಕೆ. ಅವುಗಳ ಪೆಟ್ಟಿಗೆ ಜರ್ಮನರ ಕೈಗೇ ಸಿಕ್ಕಿಬಿಟ್ಟಿತು. ಆದರೆ ಇನ್ನೆಷ್ಟು ಇಲಿಗಳಿವೆಯೋ ಎಂದು ಅವರು ಹುಡುಕುತ್ತ ಕಳೆದ ಶ್ರಮವೇ ದೊಡ್ಡ ಲಾಭವಾಯಿತೆಂದು ಸಂಸ್ಥೆ ಸಮಾಧಾನಪಟ್ಟುಕೊಂಡಿತು.

ಈ ತರಬೇತಿ ಬರಿಯ ಆಟವಾಗಿರಲಿಲ್ಲ. 1943ರ ಫೆಬ್ರವರಿ 27ರ ರಾತ್ರಿ ನಾರ್ವೆಯ ವೆಮೋರ್ಕ್ ಕಾರ್ಖಾನೆಯೊಳಕ್ಕೆ ಆ ದೇಶದ ತರುಣರೇ ನುಗ್ಗಿ, ಜರ್ಮನರ ಅಣುಸಂಶೋಧನೆಗೆ ಬೇಕಾಗಿದ್ದ ಭಾರಜಲದ ತೊಟ್ಟಿಗಳನ್ನು ಒಡೆದರು. ಇಂಗ್ಲೆಂಡಿನ ಬಂಗಲೆಯೊಂದರಲ್ಲಿ ಆ ತೊಟ್ಟಿಗಳ ಮಾದರಿಯನ್ನು ನಿಲ್ಲಿಸಿಕೊಂಡು ಕತ್ತಲಲ್ಲಿಯೂ ಕೈ ತಪ್ಪದಂತೆ ಅವರು ಅಭ್ಯಾಸ ಮಾಡಿದ್ದರು. ಒಂದು ಗುಂಡೂ ಹಾರಲಿಲ್ಲ, ಒಬ್ಬನೂ ಸಾಯಲಿಲ್ಲ. ಸುತ್ತಲಿನ ಹಳ್ಳಿಗಳವರ ಮೇಲೆ ಸೇಡು ತೀರದಿರಲೆಂದು, ಇದು ಬ್ರಿಟಿಷರ ಕೆಲಸವೆಂಬುದಕ್ಕೆ ಗುರುತಾಗಿ ಒಂದು ಬಂದೂಕನ್ನೂ ಬಿಟ್ಟುಬಂದರು. ಆ ಎಚ್ಚರಕ್ಕೆ ಕಾರಣವಿತ್ತು. ಹಿಂದಿನ ವರ್ಷವಷ್ಟೇ, 1942ರ ಮೇ 27ರಂದು, ಇದೇ ಸಂಸ್ಥೆಯಿಂದ ತರಬೇತಿ ಪಡೆದಿದ್ದ ಇಬ್ಬರು ಪ್ರಾಗ್ ನಗರದಲ್ಲಿ ನಾಜಿ ಅಧಿಕಾರಿ ಹೈಡ್ರಿಕ್‌ನ ಮೇಲೆ ಬಾಂಬೆಸೆದಿದ್ದರು. ಆತ ಸತ್ತನು. ಅದಕ್ಕೆ ಪ್ರತೀಕಾರವಾಗಿ ಜೂನ್ 10ರಂದು ಲಿಡಿಟ್ಸೆ ಎಂಬ ಹಳ್ಳಿಯ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಗುಂಡಿಕ್ಕಿ, ಹೆಂಗಸರನ್ನು ಬಂದೀಶಿಬಿರಕ್ಕೆ ಅಟ್ಟಿ, ಊರನ್ನೇ ನೆಲಸಮ ಮಾಡಿದರು. ಶಾಲೆಯಲ್ಲಿ ಕಲಿಸಿದ ವಿದ್ಯೆಯ ಶುಲ್ಕವನ್ನು ಎಷ್ಟೋ ಸಲ ಶಾಲೆಯ ಹೆಸರನ್ನೇ ಕೇಳದವರು ತೆರಬೇಕಾಯಿತು.

ಈ ಎಲ್ಲ ಶಾಲೆಗಳಿಗೆ ಮುಕುಟದಂತಿದ್ದುದು ಹ್ಯಾಂಪ್‌ಷೈರಿನ ನ್ಯೂ ಫಾರೆಸ್ಟಿನಲ್ಲಿದ್ದ ಬ್ಯೂಲಿ. ಅಲ್ಲಿನ ಜಮೀನಿನಲ್ಲಿ ಚದರಿದ್ದ ಮನೆಗಳಲ್ಲಿ ಕಡೆಯ ಪಾಠ ನಡೆಯುತ್ತಿತ್ತು. ಅದರ ವಿಷಯ ಒಂದೇ: ಸುಳ್ಳಿನಲ್ಲಿ ಬದುಕುವುದು. ಇನ್ನೊಬ್ಬರ ಹೆಸರು, ಇನ್ನೊಬ್ಬರ ಊರು, ಇಲ್ಲದ ಅತ್ತೆ, ಓದದ ಶಾಲೆ ಇವನ್ನೆಲ್ಲ ಸ್ವಂತದ್ದೆಂಬಂತೆ ನಂಬಿಸಬೇಕು. ಹಿಂಬಾಲಿಸುವವನನ್ನು ಗುರುತಿಸಬೇಕು, ಬೀಗ ತೆರೆಯಬೇಕು, ಕಣ್ಣಿಗೆ ಕಾಣದ ಶಾಯಿಯಲ್ಲಿ ಬರೆಯಬೇಕು. ನಡುರಾತ್ರಿ ಗೆಸ್ಟಾಪೋ ಸಮವಸ್ತ್ರ ತೊಟ್ಟ ಶಿಕ್ಷಕರು ಶಿಷ್ಯರನ್ನು ಹಾಸಿಗೆಯಿಂದೆಳೆದು, ಕಣ್ಣು ಕೋರೈಸುವ ದೀಪದೆದುರು ನಿಲ್ಲಿಸಿ ಪ್ರಶ್ನಿಸುತ್ತಿದ್ದರು. ಸಿಕ್ಕಿಬಿದ್ದರೆ ನಲವತ್ತೆಂಟು ಗಂಟೆ ಬಾಯಿ ಬಿಡಬೇಡಿ, ಅಷ್ಟರಲ್ಲಿ ನಿಮ್ಮ ಸಂಗಡಿಗರು ಚದುರಿಹೋಗುತ್ತಾರೆ ಎಂಬುದು ಅಲ್ಲಿನ ಬೋಧೆ. ಈ ಶಾಲೆಯಲ್ಲಿ ಪ್ರಚಾರಕಲೆಯನ್ನು ಬೋಧಿಸಿದವರಲ್ಲಿ ಕಿಮ್ ಫಿಲ್ಬಿ ಎಂಬಾತನೂ ಒಬ್ಬ. ಆತ ಆಗಲೇ ಸೋವಿಯತ್ ಒಕ್ಕೂಟದ ಬೇಹುಗಾರನಾಗಿದ್ದನೆಂಬುದು ಲೋಕಕ್ಕೆ ಖಚಿತವಾದದ್ದು 1963ರಲ್ಲಿ ಆತ ಮಾಸ್ಕೋಗೆ ಓಡಿಹೋದ ಮೇಲೆ. ಸುಳ್ಳಿನ ಶಾಲೆಯಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದವನು ಶಿಷ್ಯನಲ್ಲ, ಮೇಷ್ಟ್ರು.

1943ರ ಮೇ ತಿಂಗಳಲ್ಲಿ ಈ ಶಾಲೆಗೆ ಇಪ್ಪತ್ತೊಂಬತ್ತು ವರ್ಷದ ಒಬ್ಬ ಹೆಣ್ಣುಮಗಳು ಬಂದಳು. ಹೆಸರು ನೂರ್ ಇನಾಯತ್ ಖಾನ್. ತಂದೆ ಬರೋಡೆಯಲ್ಲಿ ಹುಟ್ಟಿದ ಸಂಗೀತಗಾರ, ಸೂಫಿ ಗುರು ಹಜರತ್ ಇನಾಯತ್ ಖಾನ್, ತಾಯಿ ಅಮೆರಿಕದಾಕೆ. ಇನಾಯತ್ ಖಾನರ ಅಜ್ಜ ಮೌಲಾ ಬಕ್ಷ್ ಮೈಸೂರಿನ ಅರಸರ ಆಸ್ಥಾನದಲ್ಲಿ ಮನ್ನಣೆ ಪಡೆದು, ಕರ್ನಾಟಕ ಸಂಗೀತವನ್ನೂ ಕಲಿತ ವಿದ್ವಾಂಸರು. ಅವರು ಕೈಹಿಡಿದ ಹೆಣ್ಣು ಟಿಪ್ಪು ಸುಲ್ತಾನನ ಮನೆತನದವಳೆಂಬುದು ಆ ಕುಟುಂಬ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಮಾತು. ನೂರ್ ಹುಟ್ಟಿದ್ದು 1914ರಲ್ಲಿ ಮಾಸ್ಕೋದಲ್ಲಿ, ಬೆಳೆದದ್ದು ಪ್ಯಾರಿಸಿನ ಬಳಿಯ ಸುರೇನ್ ಎಂಬಲ್ಲಿ. ಮನೆಯಲ್ಲಿ ವೀಣೆ ನುಡಿಸುತ್ತಿದ್ದಳು. ಮಕ್ಕಳಿಗಾಗಿ ಕಥೆ ಬರೆಯುತ್ತಿದ್ದಳು. ಜಾತಕ ಕಥೆಗಳಲ್ಲಿ ಇಪ್ಪತ್ತನ್ನು ಆಯ್ದು ಇಂಗ್ಲಿಷಿನಲ್ಲಿ ಆಕೆ ಹೇಳಿದ ಪುಸ್ತಕ 1939ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ತನ್ನ ಹಿಂಡನ್ನು ಹೊಳೆ ದಾಟಿಸಲು ಸ್ವಂತ ದೇಹವನ್ನೇ ಸೇತುವೆಯಾಗಿ ಚಾಚಿ ಪ್ರಾಣಬಿಟ್ಟ ಕಪಿರಾಜನ ಕಥೆಯೂ ಅದರಲ್ಲಿದೆ. ಆ ಪುಸ್ತಕವನ್ನು ನಾನು ಮೊದಲು ಓದಿದಾಗ ಬರೆದಾಕೆಯ ಮುಂದಿನ ಬಾಳು ನನಗೆ ತಿಳಿದಿರಲಿಲ್ಲ. ತಿಳಿದ ಮೇಲೆ ಆ ಕಥೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಲು ನನ್ನಿಂದ ಆಗಲಿಲ್ಲ.

ಫ್ರಾನ್ಸ್ ಬಿದ್ದಾಗ ಕುಟುಂಬ ಇಂಗ್ಲೆಂಡಿಗೆ ಓಡಿಬಂದಿತು. ಅಹಿಂಸೆಯನ್ನು ಉಂಡು ಬೆಳೆದ ನೂರ್ ಬಹಳ ಯೋಚಿಸಿ, ವಾಯುಪಡೆಯ ಮಹಿಳಾ ದಳವನ್ನು ಸೇರಿ ನಿಸ್ತಂತು ಕಲಿತಳು. ಫ್ರೆಂಚ್ ಭಾಷೆ ತಾಯಿನುಡಿಯಷ್ಟೇ ಸಲೀಸು, ಕೈಯಲ್ಲಿ ನಿಸ್ತಂತು ವಿದ್ಯೆ. ಗುಪ್ತ ಸಂಸ್ಥೆಯ ಕಣ್ಣು ಆಕೆಯ ಮೇಲೆ ಬಿತ್ತು. ಟಿಪ್ಪುವಿನ ವಂಶದವಳು ಬ್ರಿಟಿಷರ ಸೇವೆಗೆ ನಿಂತಳೇ ಎಂದು ಕೇಳುಗರು ಹುಬ್ಬೇರಿಸಬಹುದು. ಈ ಪ್ರಶ್ನೆಯನ್ನು ಅಂದಿನ ಅಧಿಕಾರಿಗಳೂ ಆಕೆಯ ಮುಂದಿಟ್ಟಿದ್ದರು. ಯುದ್ಧ ಮುಗಿದ ಮೇಲೆ ತಾನು ಭಾರತದ ಸ್ವಾತಂತ್ರ್ಯದ ಪರವಾಗಿಯೇ ನಿಲ್ಲುವೆನೆಂದು, ಕೆಲಸ ಕೈತಪ್ಪಬಹುದಾದ ಆ ಸಂದರ್ಶನದಲ್ಲಿಯೇ, ನೂರ್ ಮುಚ್ಚುಮರೆಯಿಲ್ಲದೆ ಹೇಳಿದಳು.

ಆಕೆಯ ತೊಡಕೇ ಇದು. ಸುಳ್ಳು ಹೇಳಬಾರದೆಂದು ತಂದೆ ಕಲಿಸಿದ ಪಾಠ ರಕ್ತಗತವಾಗಿತ್ತು. ತರಬೇತಿಯ ದಿನಗಳಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ಆಕೆಯನ್ನು ಪೋಲೀಸಿನವನೊಬ್ಬ ತಡೆದು ಎಲ್ಲಿಗೆಂದು ಕೇಳಿದಾಗ, ಗೂಢಚಾರಳಾಗಲು ಕಲಿಯುತ್ತಿದ್ದೇನೆಂದು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳೆಂಬ ಕಥೆಯಿದೆ. ಬ್ರಿಸ್ಟಲ್ ನಗರಕ್ಕೆ ಕಳುಹಿಸಿ ಮಾಡಿದ ಪರೀಕ್ಷೆಯಲ್ಲಿಯೂ ಪೋಲೀಸರ ಪ್ರಶ್ನೆಗೆ ಬೇಕಾದುದಕ್ಕಿಂತ ಹೆಚ್ಚೇ ಉತ್ತರಿಸಿದಳು. ಬ್ಯೂಲಿಯ ಮುಖ್ಯಸ್ಥ ಕರ್ನಲ್ ಸ್ಪೂನರ್ ಷರಾ ಬರೆದರು: ಬುದ್ಧಿ ಅಷ್ಟಕ್ಕಷ್ಟೇ; ಶ್ರಮಪಡುತ್ತಾಳೆ; ಸ್ವಭಾವ ಚಂಚಲ; ಈ ಕೆಲಸಕ್ಕೆ ತಕ್ಕವಳೆಂಬುದು ಸಂದೇಹ. ಅವರು ಬರೆದುದರ ತಾತ್ಪರ್ಯ ಇದು. ಆ ಕಾಗದ ಫ್ರೆಂಚ್ ವಿಭಾಗದ ಮುಖ್ಯಸ್ಥ ಬಕ್‌ಮಾಸ್ಟರರ ಮೇಜಿಗೆ ಬಂದಿತು. ಅವರು ಅದರ ಪಕ್ಕದಲ್ಲಿ, ಇದೆಲ್ಲ ಅರ್ಥವಿಲ್ಲದ ಮಾತು ಎಂದು ಗೀಚಿದರು. ನಿಸ್ತಂತು ಬಲ್ಲವರ ಅಭಾವ ಅಷ್ಟಿತ್ತು. ತರಬೇತಿ ಪೂರ್ತಿಯಾಗುವ ಮೊದಲೇ, ಜೂನ್ 16ರ ನಡುರಾತ್ರಿ, ಲೈಸಾಂಡರ್ ಎಂಬ ಪುಟ್ಟ ವಿಮಾನ ಆಕೆಯನ್ನು ಫ್ರಾನ್ಸಿನ ಹೊಲವೊಂದರಲ್ಲಿ ಇಳಿಸಿ ಹಿಂದಿರುಗಿತು. ಶತ್ರುವಶವಾಗಿದ್ದ ಫ್ರಾನ್ಸಿಗೆ ಹೋದ ಮೊದಲ ಮಹಿಳಾ ನಿಸ್ತಂತುಗಾರ್ತಿ ಆಕೆ. ಗುಪ್ತನಾಮ ಮ್ಯಾಡಲೀನ್.

ಹತ್ತು ದಿನಗಳೊಳಗೆ ಆಕೆ ಸೇರಬೇಕಾಗಿದ್ದ ಪ್ರಾಸ್ಪರ್ ಎಂಬ ಜಾಲ ಹರಿದುಹೋಯಿತು. ನಾಯಕರು ಸೆರೆಸಿಕ್ಕರು, ನಿಸ್ತಂತುಗಳು ಜರ್ಮನರ ಪಾಲಾದುವು. ಹಿಂದಿರುಗಿ ಬಾ ಎಂದು ಲಂಡನ್ ಕರೆಯಿತು. ಪ್ಯಾರಿಸಿನಲ್ಲಿ ಉಳಿದಿರುವುದು ತನ್ನೊಬ್ಬಳ ಯಂತ್ರವೇ, ಬರಲಾರೆನೆಂದು ನೂರ್ ಉತ್ತರವಿತ್ತಳು. ನಿಸ್ತಂತುಗಾರರ ಆಯುಸ್ಸು ಆರು ವಾರವೆಂಬ ಮಾತು ಆಗ ಚಾಲ್ತಿಯಲ್ಲಿತ್ತು. ಆಕೆ ಸುಮಾರು ನಾಲ್ಕು ತಿಂಗಳು ನಡೆಸಿದಳು. ಅಲೆಗಳ ದಿಕ್ಕು ಹಿಡಿದು ಬರುವ ಜರ್ಮನರ ವ್ಯಾನುಗಳಿಂದ ತಪ್ಪಿಸಿಕೊಳ್ಳಲು ಮನೆಯಿಂದ ಮನೆಗೆ, ಕೂದಲ ಬಣ್ಣ ಬದಲಾಯಿಸುತ್ತ, ಭಾರದ ಸೂಟ್‌ಕೇಸು ಹೊತ್ತು ಅಲೆದಳು. ಒಮ್ಮೆ ಮೆಟ್ರೋ ರೈಲಿನಲ್ಲಿ ಇಬ್ಬರು ಜರ್ಮನ್ ಸೈನಿಕರು ಪೆಟ್ಟಿಗೆಯಲ್ಲೇನಿದೆ ಎಂದು ವಿಚಾರಿಸಿದರು. ಸಿನಿಮಾ ತೋರಿಸುವ ಯಂತ್ರವೆಂದು ಆಕೆ ತಣ್ಣಗೆ ಹೇಳಿ, ಮುಚ್ಚಳವನ್ನು ಕೊಂಚ ಎತ್ತಿ, ನೋಡಿ, ಬಲ್ಬುಗಳು ಎಂದಳಂತೆ. ಅವರು ತಲೆಯಾಡಿಸಿ ಹೋದರು. ಬ್ಯೂಲಿಯಲ್ಲಿ ಬಾರದ ಪಾಠ ಅಲ್ಲಿ ಬಂದಿತ್ತು.

ಆದರೆ ಸ್ಪೂನರ್ ಬರೆದುದು ಪೂರ್ತಿ ತಪ್ಪಾಗಿರಲಿಲ್ಲ. ಸಂದೇಶಗಳನ್ನು 'ಫೈಲ್' ಮಾಡುವಾಗ ಬಹಳ ಜಾಗರೂಕತೆಯಿರಲೆಂದು ಆಕೆಗೆ ಸೂಚನೆಯಿತ್ತು. ಪತ್ರಿಕೆಯ ಬಾತ್ಮೀದಾರರ ಭಾಷೆಯಲ್ಲಿ ಆ ಮಾತಿಗೆ ಸುದ್ದಿ ಕಳುಹಿಸುವುದೆಂದು ಅರ್ಥ. ನೂರ್ ಅದನ್ನು ಜೋಡಿಸಿಡುವುದೆಂದು ತಿಳಿದಳೆಂಬುದು ಇತಿಹಾಸಕಾರರ ವಿವರಣೆ. ಕಳುಹಿಸಿದ ಸಂದೇಶಗಳನ್ನೆಲ್ಲ ಶಾಲೆಯ ಮಕ್ಕಳ ನೋಟುಪುಸ್ತಕದಲ್ಲಿ ನಿಷ್ಠೆಯಿಂದ ಬರೆದಿಟ್ಟಳು. ಒಂದು ಪದವನ್ನು ಬಿಡಿಸಿ ಹೇಳದ ಗುರುವಿನ ತಪ್ಪೋ, ಕೇಳಿ ತಿಳಿಯದ ಶಿಷ್ಯೆಯ ತಪ್ಪೋ? ಅಕ್ಟೋಬರಿನಲ್ಲಿ ಯಾರೋ ಹಣಕ್ಕಾಗಿ ಸುಳಿವು ಮಾರಿದರು; ನೂರ್ ಸೆರೆಸಿಕ್ಕಳು; ನೋಟುಪುಸ್ತಕವೂ ಸಿಕ್ಕಿತು. ಜರ್ಮನರು ಆಕೆಯ ಯಂತ್ರದಿಂದ ಆಕೆಯದೇ ಧಾಟಿಯಲ್ಲಿ ಲಂಡನ್ನಿನೊಡನೆ ಮಾತನಾಡತೊಡಗಿದರು. ಅಪಾಯದ ಸುಳಿವುಗಳು ಬಂದಿದ್ದರೂ ಲಂಡನ್ ನಂಬಿತು. ಇತರರಿಗೆ ಸುಳ್ಳು ಕಲಿಸಿದವರು ತಮಗೆ ಹೇಳಿದ ಸುಳ್ಳನ್ನು ಗುರುತಿಸಲಿಲ್ಲ. 1944ರ ಫೆಬ್ರವರಿಯ ಕೊನೆಯಲ್ಲಿ ಹಾಗೆ ನಂಬಿ ಇಳಿಸಿದ ಮೂವರು ನೇರವಾಗಿ ಶತ್ರುಗಳ ಕೈಗೆ ಬಿದ್ದರು. ಅವರಲ್ಲೊಬ್ಬಳು ಮ್ಯಾಡಲೀನ್ ಡಾಮರ್ಮಾ ಎಂಬ ಹುಡುಗಿ. ಆಕೆಯ ಹೆಸರು ಇನ್ನೊಮ್ಮೆ ಬರುತ್ತದೆ.

ಪ್ಯಾರಿಸಿನ ಅವೆನ್ಯೂ ಫೋಷ್ ಬೀದಿಯ 84ನೆಯ ಮನೆಯಲ್ಲಿ ನೂರಳ ವಿಚಾರಣೆ ನಡೆಯಿತು. ಬಂದ ದಿನವೇ ಸ್ನಾನದ ಮನೆಯ ಕಿಟಕಿಯಿಂದ ಹೊರಬಿದ್ದು ಸಿಕ್ಕಿಬಿದ್ದಳು. ನವೆಂಬರಿನಲ್ಲಿ ಇನ್ನಿಬ್ಬರು ಕೈದಿಗಳೊಡನೆ ಛಾವಣಿ ಹತ್ತಿ ಓಡಿದಳು. ಅದೇ ಗಳಿಗೆಗೆ ವೈಮಾನಿಕ ದಾಳಿಯ ಎಚ್ಚರಿಕೆ ಮೊಳಗಿ, ಕೋಣೆಗಳ ತಪಾಸಣೆಯಾಗಿ, ಮೂವರೂ ಮತ್ತೆ ಸಿಕ್ಕರು. ಇನ್ನು ಓಡಿಹೋಗುವುದಿಲ್ಲವೆಂದು ಮಾತು ಕೊಡಿ ಎಂದು ಅಲ್ಲಿನ ಅಧಿಕಾರಿ ಹಾನ್ಸ್ ಕೀಫರ್ ಕೇಳಿದನು. ಕೊಟ್ಟವನೊಬ್ಬ ಪ್ಯಾರಿಸಿನಲ್ಲೇ ಉಳಿದನು. ನೂರ್ ಕೊಡಲಿಲ್ಲ. ಗೆಸ್ಟಾಪೋದವನಿಗೆ ಕೊಟ್ಟ ಮಾತಿಗೆ ಯಾವ ಬೆಲೆ? ಕೊಟ್ಟು ಮುರಿದಿದ್ದರೆ ಯಾವ ಶಾಸ್ತ್ರವೂ ಆಕ್ಷೇಪಿಸುತ್ತಿರಲಿಲ್ಲ. ಬ್ಯೂಲಿಯಂತೂ ಬೆನ್ನು ತಟ್ಟುತ್ತಿತ್ತು. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಳೆಂದು ಕೇಳಿ ಬೆಳೆದವರು ನಾವು. ಉಳಿಸಿಕೊಳ್ಳಲಾಗದ ಮಾತನ್ನು ಹುಲಿಗೂ ಕೊಡಬಾರದೆಂಬುದು ಅದೇ ಧರ್ಮದ ಇನ್ನೊಂದು ಮುಖವೆಂದು ನನಗೆ ಹೊಳೆದದ್ದು ಈಕೆಯಿಂದ.

ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ, ಒಂಟಿ ಕೋಣೆಯಲ್ಲಿ, ಕೈಕಾಲುಗಳಿಗೆ ಸರಪಳಿ ಬಿಗಿದು ಹತ್ತು ತಿಂಗಳು ಇಟ್ಟರು. ಊಟದ ಪಾತ್ರೆಯ ತಳದಲ್ಲಿ ಗೀರಿದ ಅಕ್ಷರಗಳ ಮೂಲಕ ಇತರ ಕೈದಿಗಳಿಗೆ ಆಕೆ ಅಲ್ಲಿರುವುದು ತಿಳಿಯಿತು. 1944ರ ಸೆಪ್ಟೆಂಬರ್ 13ರ ಬೆಳಿಗ್ಗೆ ಡಾಖೌ ಶಿಬಿರದಲ್ಲಿ ಆಕೆಯನ್ನೂ ಮತ್ತೆ ಮೂವರು ಹೆಣ್ಣುಮಕ್ಕಳನ್ನೂ ಗುಂಡಿಕ್ಕಿ ಕೊಂದರು. ಆ ಮೂವರಲ್ಲಿ ಒಬ್ಬಳು ಮ್ಯಾಡಲೀನ್ ಡಾಮರ್ಮಾ. ನೂರಳ ಯಂತ್ರದ ಸುಳ್ಳು ಕರೆಯನ್ನು ನಂಬಿ ಆಕಾಶದಿಂದಿಳಿದವಳು. ನೂರಳಿಗೆ ಆಗ ಮೂವತ್ತು ವರ್ಷ.

ಫ್ರೆಂಚ್ ವಿಭಾಗ ಕಳುಹಿಸಿದ ನಾನೂರಕ್ಕೂ ಮಿಕ್ಕಿದ ಜನರಲ್ಲಿ ಮರಳಿ ಬಾರದ 104 ಮಂದಿಯ ಹೆಸರುಗಳು ಫ್ರಾನ್ಸಿನ ವಾಲಾನ್ಸೇ ಊರಿನ ಸ್ಮಾರಕದಲ್ಲಿವೆ. ನೂರಳಿಗೆ 1949ರಲ್ಲಿ ಜಾರ್ಜ್ ಕ್ರಾಸ್ ಪದಕವನ್ನು ಘೋಷಿಸಿದರು. 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರ್ ಉದ್ಯಾನದಲ್ಲಿ ಪ್ರತಿಮೆಯೊಂದನ್ನು ನಿಲ್ಲಿಸಿದರು. ಅದೆಲ್ಲ ಸರಿಯೇ. ಆದರೆ ಮೇಷ್ಟ್ರ ವೃತ್ತಿಯ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಆ ಷರಾದ ಕಡೆಗೆ. ಆಕೆ ಕಳುಹಿಸಲು ತಕ್ಕವಳಲ್ಲವೆಂದ ಸ್ಪೂನರ್, ಆಕೆಯ ಅಜಾಗರೂಕತೆಯನ್ನು ಕಂಡರು, ಧೈರ್ಯವನ್ನು ಕಾಣಲಿಲ್ಲ. ಅದೆಲ್ಲ ಅರ್ಥವಿಲ್ಲವೆಂದ ಬಕ್‌ಮಾಸ್ಟರ್ ಧೈರ್ಯವನ್ನು ಕಂಡರು. ಅರೆಬರೆ ಕಲಿತವಳನ್ನು ಬೆಂಕಿಗೆ ಕಳುಹಿಸುವ ಹೊಣೆಯನ್ನು ಕಾಣಲಿಲ್ಲ. ಸ್ಪೂನರರ ಮಾತು ನಡೆದಿದ್ದರೆ ಆಕೆ ಬದುಕಿ, ಮಕ್ಕಳಿಗೆ ಇನ್ನಷ್ಟು ಕಥೆ ಬರೆದಿರುತ್ತಿದ್ದಳು. ಮೂರು ಜನ ಆ ರಾತ್ರಿ ಶತ್ರುವಿನ ಬಲೆಗೆ ಧುಮುಕುತ್ತಿರಲಿಲ್ಲವೇನೋ. ಆದರೆ ಪ್ಯಾರಿಸಿನಿಂದ ಆ ನಾಲ್ಕು ತಿಂಗಳು ಒಂದು ದನಿಯೂ ಕೇಳಿಬರುತ್ತಿರಲಿಲ್ಲ. ಈ ಲೆಕ್ಕವನ್ನು ಬಿಡಿಸುವ ತಲೆ ನನಗಿಲ್ಲ.

ಯುದ್ಧ ಮುಗಿದ ಮೇಲೆ ಅವೆನ್ಯೂ ಫೋಷ್‌ನ ಕೀಫರ್ ಬ್ರಿಟಿಷರ ವಿಚಾರಣೆಗೆ ಒಳಗಾದನು. ನೂರಳಿಂದ ತಮಗೆ ಒಂದು ವಿಷಯವೂ ದೊರೆಯಲಿಲ್ಲ, ಆಕೆ ಒಂದೇ ಸಮನೆ ಸುಳ್ಳನ್ನೇ ಹೇಳುತ್ತಿದ್ದಳು ಎಂದು ಆತ ನುಡಿದನು. ಸುಳ್ಳು ಬಾರದವಳೆಂದು ಗುರುಗಳು ಅನುಮಾನಿಸಿದ ಶಿಷ್ಯೆಗೆ ತೇರ್ಗಡೆಯ ಷರಾ ಬರೆದವನು ಶತ್ರು. ತನ್ನ ಬಿಡುಗಡೆಗಾಗಿ ಒಂದು ಹುಸಿ ಮಾತನ್ನು ಆಡಲೊಪ್ಪದವಳು, ಸಂಗಡಿಗರ ಉಳಿವಿಗಾಗಿ ಒಂದು ನಿಜವನ್ನೂ ಆಡಲಿಲ್ಲ. ಈ ಎರಡರ ನಡುವಣ ಅಂತರವನ್ನು ಬ್ಯೂಲಿಯಲ್ಲಿ ಯಾರೂ ಕಲಿಸಿರಲಿಲ್ಲ. ಅದನ್ನು ಆಕೆ ಮನೆಯಿಂದಲೇ ತಂದಿದ್ದಳು.

ಪ್ರತಿ ವರ್ಷ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ಯುವ ಪದ್ಧತಿ ನಮ್ಮ ಶಾಲೆಯಲ್ಲಿತ್ತು. 1799ರಲ್ಲಿ ಟಿಪ್ಪುವಿನ ದೇಹ ದೊರೆತ ಜಾಗದಲ್ಲಿ ನಿಂತು ನಾನು ಪಾಠ ಹೇಳುತ್ತಿದ್ದೆ. ನನ್ನ ಸೇವೆಯ ಕಡೆಯ ವರ್ಷಗಳಲ್ಲಿ ಆ ಪಾಠಕ್ಕೆ ನೂರಳ ಕಥೆಯೂ ಸೇರಿಕೊಂಡಿತು. ಊರಿಗೆ ಹಿಂದಿರುಗಿ ಪ್ರಗತಿಪತ್ರಗಳ ಕಟ್ಟನ್ನು ಮುಂದಿಟ್ಟುಕೊಂಡು ಕುಳಿತರೆ, ಕಡೆಯ ಅಂಕಣಕ್ಕೆ ಬಂದಾಗ ಕೈ ತಾನಾಗಿ ತಡೆಯುತ್ತಿತ್ತು. ಅಂಕಗಳನ್ನು ಶಾಯಿಯಲ್ಲಿ ಬರೆಯುತ್ತಿದ್ದೆ. ಷರಾವನ್ನು ಮಾತ್ರ ಪೆನ್ಸಿಲಿನಲ್ಲಿ.